ಮನಿಪಟ್ಟಿಯ ಲೆಕ್ಕ

ನಮ್ಮ ಕಡೆ ಎರಡು ಪಟ್ಟಿ ಇವೆ: ಜಾತ್ರಿಪಟ್ಟಿ ಮತ್ತು ಮನಿಪಟ್ಟಿ.

ಜಾತ್ರೆ ಹತ್ತಿರ ಬಂತೆಂದರೆ ಓಣಿಯ ನಾಲ್ಕು ಹಿರಿಯರು, ಇಬ್ಬರು ಹುಡುಗರು ಪಾವತಿ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಾರೆ. ಐದುನೂರು ಕೊಡುವವರು ಐದುನೂರು, ಐವತ್ತು ಕೊಡುವವರು ಐವತ್ತು. ಹಣಕ್ಕಿಂತ ಮುಖ್ಯವಾದದ್ದು ಜಾತ್ರೆ ಮುಗಿದ ಮೇಲೆ ನಡೆಯುತ್ತದೆ. ಗುಡಿಯ ಪೌಳಿಯಲ್ಲಿ ಚಾಪೆ ಹಾಸಿ ಲೆಕ್ಕ ಓದುತ್ತಾರೆ. ಶಾಮಿಯಾನಕ್ಕಿಷ್ಟು, ಬ್ಯಾಂಡಿನವರಿಗಿಷ್ಟು, ಹುಗ್ಗಿಯ ಗೋಧಿಗಿಷ್ಟು. ಒಂದು ವರ್ಷ ನಮ್ಮ ಓಣಿಯ ಮುದುಕರೊಬ್ಬರು ಎದ್ದು ನಿಂತರು: ‘ತಮ್ಮಾ, ಬೆಲ್ಲದ ಪೆಂಟಿ ಎರಡು ಹೆಚ್ಚ ಬರದೀರಲ್ಲ. ಹುಗ್ಗಿ ಹೋದ ವರ್ಷದಷ್ಟ ಆಗೇತಿ. ಆ ಎರಡು ಪೆಂಟಿ ಎಲ್ಲಿ ಹೋದೂವು?’ ಅರ್ಧ ತಾಸು ಗದ್ದಲ. ಕೊನೆಗೆ ಆ ಪೆಂಟೆಗಳು ಅಡುಗೆಯವನ ಸೈಕಲ್ ಮೇಲೆ ಊರು ಬಿಟ್ಟಿದ್ದವೆಂದು ಗೊತ್ತಾಯಿತು. ಮುದುಕರು ಕೊಟ್ಟಿದ್ದ ಪಟ್ಟಿ ಇಪ್ಪತ್ತೊಂದು ರೂಪಾಯಿ.

ಇನ್ನು ಮನಿಪಟ್ಟಿ. ಅದನ್ನು ನಗರಸಭೆಗೋ ಪುರಸಭೆಗೋ ತುಂಬುತ್ತೇವೆ, ಜೊತೆಗೆ ನೀರಪಟ್ಟಿಯನ್ನೂ ತುಂಬುತ್ತೇವೆ. ಏಪ್ರಿಲ್‌ನಲ್ಲೇ ತುಂಬಿದರೆ ಶೇಕಡಾ 5 ರಿಯಾಯಿತಿ ಸಿಗುತ್ತದೆಂದು ಲೆಕ್ಕ ಹಾಕುವಷ್ಟು ಜಾಣರು ನಾವು. ಆದರೆ ರಸೀದಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದ ಮೇಲೆ ಆ ದುಡ್ಡು ಯಾವ ಗಟಾರಕ್ಕೆ ಹೋಯಿತು, ಯಾವ ದೀಪಕ್ಕೆ ಹೋಯಿತು ಎಂದು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಇಪ್ಪತ್ತೊಂದು ರೂಪಾಯಿಗೆ ಬೆಲ್ಲದ ಪೆಂಟೆ ಎಣಿಸಿದ ಅದೇ ಮುದುಕರು, ಮೂರು ಸಾವಿರ ರೂಪಾಯಿ ಮನಿಪಟ್ಟಿ ತುಂಬಿದ ಮೇಲೆ ತಮ್ಮ ಮನೆ ಮುಂದಿನ ರಸ್ತೆಯನ್ನು ಹಾಕಿದ ಆರು ತಿಂಗಳಿಗೇ ಅಗೆದಾಗ ಹೇಳಿದ್ದು ಇಷ್ಟೇ: ‘ನಮ್ಮ ಕೈಯಾಗೇನೈತ್ರಿ, ಎಲ್ಲಾ ಮ್ಯಾಲಿನವರ ಆಟ.’

ಗೋಕಾಕ, ಮೂಡಲಗಿ, ಹುಕ್ಕೇರಿಯ ಜನರೇ, ಈ ಮಾತು ನಮ್ಮ ಬಾಯಿಗೆ ಒಪ್ಪುವಂಥದ್ದಲ್ಲ. ಕೇಳಿ ಪಡೆದ ಊರುಗಳು ನಮ್ಮವು. 2017ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಿಂದ ಮೂಡಲಗಿಯ ಹೆಸರು ಬಿಟ್ಟುಹೋದಾಗ ಏನಾಯಿತು? ಅಂಗಡಿ ಮುಚ್ಚಿದವು, ಧರಣಿಗೆ ಪೆಂಡಾಲ್ ಬಿತ್ತು, ರೈತರು, ವಕೀಲರು, ಮಠದವರು ಒಂದೇ ಚಾಪೆಯ ಮೇಲೆ ಕೂತರು. ಬಿಟ್ಟುಹೋದ ಹೆಸರು ಮರಳಿ ಬಂತು. ಗೋಕಾಕ ಜಿಲ್ಲೆಯ ಕೂಗು ಅದಕ್ಕಿಂತ ಹಳೆಯದು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬೆಳಗಾವಿಯನ್ನು ಒಡೆದು ಗೋಕಾಕ, ಚಿಕ್ಕೋಡಿ ಜಿಲ್ಲೆ ಮಾಡುತ್ತೇನೆಂದು ಘೋಷಿಸಿ ಹಿಂದೆಗೆದುಕೊಂಡಿತು. ಆ ಗಾಯ ಇಂದಿಗೂ ಮಾಯ್ದಿಲ್ಲ. (ಹೊರಗಿನವರಿಗೆ ಗೋಕಾಕ ಎಂದ ಕೂಡಲೇ ಭಾಷಾ ಚಳವಳಿ ನೆನಪಾಗುತ್ತದೆ. ಆ ಚಳವಳಿಗೆ ಹೆಸರು ಬಂದದ್ದು ವರದಿ ಕೊಟ್ಟ ವಿ.ಕೃ. ಗೋಕಾಕರಿಂದ, ಅವರು ಹುಟ್ಟಿದ್ದು ಸವಣೂರಿನಲ್ಲಿ. ಆದರೂ ಆ ಹೆಸರಿನ ಹೆಮ್ಮೆಯಲ್ಲಿ ನಾವೊಂದು ಪಾಲು ತೆಗೆದುಕೊಂಡೇ ಇದ್ದೇವೆ.)

ತಾಲ್ಲೂಕು ಬೇಕು, ಜಿಲ್ಲೆ ಬೇಕು, ಕೊಡಿ ಎಂದು ಬೆಂಗಳೂರಿನ ಕಡೆ ಮುಖ ಮಾಡಿ ಗಂಟಲು ಹರಿಯುವಂತೆ ಕೂಗುತ್ತೇವೆ. ಬೇಕೆನ್ನುವುದು ತಪ್ಪಲ್ಲ. ಆದರೆ ಜಿಲ್ಲೆ ಬಂದರೆ ಬರುವುದು ಜಿಲ್ಲಾಧಿಕಾರಿ, ತಾಲ್ಲೂಕು ಬಂದರೆ ಬರುವುದು ತಹಶೀಲ್ದಾರ. ಇಬ್ಬರೂ ಸರ್ಕಾರದವರು, ಇಂದು ಇಲ್ಲಿ, ನಾಳೆ ಬೀದರಿನಲ್ಲಿ. ಗಲ್ಲಿಯಿಂದ ಎದ್ದು ಬಂದು, ನಮ್ಮ ವೋಟಿನಿಂದ ಹುಟ್ಟಿ, ನಮ್ಮ ಪಟ್ಟಿಯಿಂದ ಉಸಿರಾಡುವ ಸರ್ಕಾರ ಒಂದೇ: ಗೋಕಾಕದ ನಗರಸಭೆ, ಮೂಡಲಗಿಯ ಪುರಸಭೆ, ಹುಕ್ಕೇರಿಯ ಪುರಸಭೆ. ಗೋಕಾಕಕ್ಕೆ 31 ವಾರ್ಡ್, ಉಳಿದೆರಡಕ್ಕೆ 23, 23. ಆ ಮನೆಯ ಕದ ತಟ್ಟಲು ಮಾತ್ರ ನಮಗೆ ಕೈ ಬರುವುದಿಲ್ಲ.

ಖಾಲಿ ಕುರ್ಚಿಯ ಕತೆಯನ್ನೇ ನೋಡಿ. ಇದನ್ನು ಬರೆಯಲು ತಾರೀಖು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನನಗೇ ಮೈ ಜುಂ ಎಂದಿತು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಮತದಾನವಾಯಿತು. ನಮ್ಮ ಮೂರೂ ಊರು ಅದರಲ್ಲಿದ್ದವು. ಗೆದ್ದವರು ಗುಲಾಲು ಹಾರಿಸಿದರು, ಪಟಾಕಿ ಸುಟ್ಟರು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಒಂದು ವರ್ಷವಾಯಿತು, ಎರಡು ವರ್ಷವಾಯಿತು. 2020ರ ಕೊನೆಗೆ ಅಧ್ಯಕ್ಷರ ಆಯ್ಕೆ ನಡೆಯುವವರೆಗೆ ಗೆದ್ದ ಸದಸ್ಯರಿಗೆ ಸಭೆಯಿಲ್ಲ, ಠರಾವಿಲ್ಲ. ಆಡಳಿತಾಧಿಕಾರಿಯ ಸಹಿಯೇ ಎಲ್ಲ.

ಅದೇ ನಡುವಿನ 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕಕ್ಕೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ಕುಂಬಾರ ಗಲ್ಲಿ, ಉಪ್ಪಾರ ಗಲ್ಲಿ, ದನದ ಪೇಟೆಯಲ್ಲಿ ನೀರು ಇಳಿದ ಮೇಲೆ ಗೋಡೆಯ ಮೇಲೆ ಉಳಿದ ರಾಡಿಯ ಗೆರೆಯನ್ನು ಎಷ್ಟೋ ಮನೆಯವರು ಬಹುಕಾಲ ಸುಣ್ಣ ಬಳಿಯದೆ ಹಾಗೇ ಬಿಟ್ಟಿದ್ದರು. ಆಮೇಲೆ ಬಿದ್ದ ಮನೆಗಳ ಪಟ್ಟಿ ಮಾಡಲು ಬಂದರು. ‘ಎ’ ವರ್ಗಕ್ಕೆ ಐದು ಲಕ್ಷ ಪರಿಹಾರ, ಮುಂದಿನ ವರ್ಗಕ್ಕೆ ಇಳಿದರೆ ಹಣವೂ ಇಳಿಯುತ್ತದೆ. ಗೋಡೆ ನಿಂತಿದೆಯೋ ವಾಲಿದೆಯೋ ಎಂಬುದರ ಮೇಲೆ ಒಂದು ಸಂಸಾರದ ಹಣೆಬರಹ. ಆ ಹೊತ್ತಿಗೆ ಗಲ್ಲಿಯ ಜನರ ಪರ ನಿಂತು ‘ಈ ಮನಿ ಯಾಕ ಬಿಟ್ಟಿರಿ?’ ಎಂದು ಸಭೆಯಲ್ಲಿ ಮೇಜು ಕುಟ್ಟಬೇಕಾದ ಸದಸ್ಯನಿಗೆ ಸಭೆಯೇ ಇರಲಿಲ್ಲ. ಮುಂದಿನ ವರ್ಷ ಕೊರೊನಾ ಬಂತು. ಆಗಲೂ ಇರಲಿಲ್ಲ.

ಇದು ಒಂದು ಸಲದ ಗ್ರಹಚಾರ ಎನ್ನೋಣವೇ? ಅಧ್ಯಕ್ಷರ ಅವಧಿ ಎರಡೂವರೆ ವರ್ಷ. 2020ರ ಕೊನೆಗೆ ಕೂತವರ ಅವಧಿ 2023ರ ಬೇಸಿಗೆಗೆ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದಕ್ಕೆ ಕೆಲವೇ ದಿನ ಮೊದಲು, 2024ರ ಜುಲೈ ಕೊನೆಗೆ, ಘಟಪ್ರಭೆ ಮತ್ತೊಮ್ಮೆ ಗೋಕಾಕದ ಗಲ್ಲಿಗೆ ಬಂದು ಜನ ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋದರು. ಈ ಎರಡು ಮಹಾಪೂರ, ಎರಡು ಸಲವೂ ಅಧ್ಯಕ್ಷರ ಕುರ್ಚಿ ಖಾಲಿ.

ತಾಲ್ಲೂಕಿನ ಹೆಸರು ಬಿಟ್ಟುಹೋದಾಗ ಪೆಂಡಾಲ್ ಹಾಕಿದ ನಾವು, ನಾವೇ ಆರಿಸಿದ ಸಭೆಗೆ ವರ್ಷಗಟ್ಟಲೆ ಬೀಗ ಬಿದ್ದಾಗ ಒಂದು ಚಾಪೆ ಹಾಸಲಿಲ್ಲ. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ. ಆ ದಿನಗಳಲ್ಲಿ ನಾನು ಪತ್ರಿಕೆಯಲ್ಲಿ ಸುದ್ದಿ ಓದಿ, ಚಹಾ ಕುಡಿದು, ಪುಟ ತಿರುವಿದ್ದೇನೆ.

ಐದು ವರ್ಷದ ಲೆಕ್ಕ ಶುರುವಾಗುವುದು ಮೊದಲ ಸಭೆಯಿಂದ. ಹಾಗಾಗಿ 2018ರಲ್ಲಿ ಆರಿಸಿ ಬಂದವರ ಕಾಲ 2025ರ ಕೊನೆಯ ಹೊತ್ತಿಗೆ ತೀರಿತು. ಆಮೇಲೆ ಏನು? ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷ ವರ್ಷ ಚುನಾವಣೆಯೇ ಇಲ್ಲದೆ ನಡೆದದ್ದನ್ನು ನೋಡಿದ್ದೇವೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಡಾಖಂಡಿತವಾಗಿ ಹೇಳಿದೆ. ಕಾಗದದ ಮೇಲೆ ಇರುವುದನ್ನು ನೆಲದ ಮೇಲೆ ತರಿಸುವವರು ಬೇಕು. ನಾವು ಸುಮ್ಮನಿದ್ದರೆ ಕುರ್ಚಿಯ ಮೇಲೆ ಧೂಳು ಕೂರುತ್ತದೆ.

ಒಂದು ಮಾತು ನಮ್ಮ ಪರವಾಗಿಯೂ ಹೇಳಲೇಬೇಕು. ಸಣ್ಣ ಪಟ್ಟಣದವನಿಗೆ ಕಾನೂನಿನಲ್ಲೇ ಜಾಗ ಕಡಿಮೆ. ಹಳ್ಳಿಯಲ್ಲಿ ಗ್ರಾಮಸಭೆ ಇದೆ. ಅಲ್ಲಿ ಮತದಾರರೆಲ್ಲರೂ ಸದಸ್ಯರು, ಎದ್ದು ನಿಂತು ಕೇಳಬಹುದು. ಜಮಾಬಂದಿ ಎಂದು ವರ್ಷಕ್ಕೊಮ್ಮೆ ಪಂಚಾಯಿತಿಯ ಕಡತ, ಕಾಮಗಾರಿ ಜನರ ಮುಂದೆ ಬರುತ್ತವೆ. ಮಹಾನಗರಕ್ಕೆ ವಾರ್ಡ್ ಸಮಿತಿ ಇದೆ. 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಆ ಸಮಿತಿಯನ್ನು ಕಡ್ಡಾಯ ಮಾಡಿದ್ದು ಜನಸಂಖ್ಯೆ ಮೂರು ಲಕ್ಷ ಮುಟ್ಟಿದ ಊರಿಗೆ. 2011ರ ಗಣತಿಯಲ್ಲಿ ಎಂಬತ್ತು ಸಾವಿರದ ಸಮೀಪ ಇದ್ದ ಗೋಕಾಕ ಎಲ್ಲಿ, ಮೂರು ಲಕ್ಷ ಎಲ್ಲಿ? ಹುಕ್ಕೇರಿ, ಮೂಡಲಗಿಯ ಮಾತಂತೂ ಬಿಡಿ. ಹೀಗೆ ಹಳ್ಳಿಯ ಕಟ್ಟೆಯಿಂದ ಇಳಿದು ನಗರದ ಮೆಟ್ಟಿಲು ಹತ್ತದೆ ನಡುವೆ ನಿಂತವರು ನಾವು. ಪಂಚಾಯಿತಿ ಹೋಗಿ ಪುರಸಭೆ ಆಯಿತೆಂದು ಸಿಹಿ ಹಂಚಿದ ಊರಿನವನು, ಅಂದೇ ಎದ್ದು ನಿಂತು ಕೇಳುವ ತನ್ನ ಗ್ರಾಮಸಭೆಯನ್ನು ಕಳೆದುಕೊಂಡ. ಯಾರೂ ಅವನಿಗೆ ಅದನ್ನು ಹೇಳಲಿಲ್ಲ.

ಸಮಿತಿ ಕಡ್ಡಾಯವಿಲ್ಲ ಎಂದರೆ ಕೂಡಬಾರದು ಎಂದೇನೂ ಅಲ್ಲವಲ್ಲ! ಕಾನೂನು ಚಾಪೆ ಹಾಸದಿದ್ದರೆ ನಾವೇ ಹಾಸಬೇಕು. ಚರಿತ್ರೆ ನೋಡಿದರೆ ಈ ಮುನಿಸಿಪಾಲಿಟಿ ಹುಟ್ಟಿದ್ದೇ ಹಾಗೆ. ನಮ್ಮ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಬಂದ 1850ರ ಕಾಯಿದೆ, ಊರಿನವರು ತಾವಾಗಿ ಬೇಕೆಂದು ಕೇಳಿದ ಕಡೆ ಮಾತ್ರ ಮುನಿಸಿಪಾಲಿಟಿ ಮಾಡುವ ಕಾಯಿದೆ. ಆರಿಸಿ ಬಂದವರಿಗೆ ಹೆಚ್ಚು ಅಧಿಕಾರ ಕೊಡಬೇಕೆಂಬ ಲಾರ್ಡ್ ರಿಪ್ಪನ್‌ನ ಠರಾವು ಬಂದದ್ದು 1882ರಲ್ಲಿ, ಮೂವತ್ತೆರಡು ವರ್ಷ ತಡವಾಗಿ. ಪರದೇಶದವನ ಆಳ್ವಿಕೆಯಲ್ಲೂ ಕೇಳಿ ಪಡೆಯಬೇಕಾಗಿದ್ದ ಸಂಸ್ಥೆಯಿದು. ಕೇಳುವುದನ್ನು ಬಿಟ್ಟಿದ್ದು ನಮ್ಮದೇ ಆಳ್ವಿಕೆ ಬಂದ ಮೇಲೆ!

ಜನರ ಮಾಲೀಕತನ ಎಂದರೆ ಏನು ಎಂಬುದಕ್ಕೆ ದೂರ ಹೋಗುವುದೂ ಬೇಡ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಇಡೀ ಕರ್ನಾಟಕದಲ್ಲಿ ಕರೆಂಟನ್ನು ಸಹಕಾರ ಸಂಘವೊಂದು ಹಂಚುವುದು ಅಲ್ಲಿ ಮಾತ್ರ. ಉಳಿದವರು ಕಂಪನಿಯ ಗ್ರಾಹಕರಾದರೆ ಹುಕ್ಕೇರಿಯ ರೈತ ತನ್ನ ಕರೆಂಟಿಗೆ ಷೇರುದಾರ. 2025ರ ಸೆಪ್ಟೆಂಬರ್‌ನಲ್ಲಿ ಆ ಸಂಘದ ಚುನಾವಣೆ ಬಂದಾಗ ಹೊಲದ ಬದುವಿನಿಂದ ಹೋಟೆಲಿನ ಬಾಕಿನವರೆಗೆ ಅದೇ ಮಾತು. ರಾಜ್ಯದ ಪತ್ರಿಕೆಗಳೆಲ್ಲ ಹುಕ್ಕೇರಿಯತ್ತ ತಿರುಗಿದವು. ಅಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದು ನನ್ನ ವಿಷಯವಲ್ಲ. ಕಂಬದ ಮೇಲಿನ ತಂತಿಗೆ ಅಷ್ಟು ಬಿಸಿಯಾಗುವ ನಾವು, ಅದೇ ಕಂಬದ ಬುಡದಲ್ಲಿ ಹರಿಯುವ ಗಟಾರದ ವಿಷಯಕ್ಕೆ ಯಾಕೆ ತಣ್ಣಗಾಗುತ್ತೇವೆ?

‘ಸಾಹುಕಾರ್ರು ನೋಡ್ಕೋತಾರ ಬಿಡ್ರಿ’ ಎನ್ನುವುದು ನಮ್ಮ ಭಾಗದ ಜಪ. ಊರಿಗೊಂದು ಮನೆ, ಮನೆಗೊಬ್ಬ ಸಾಹುಕಾರ, ಅವರ ಅಂಗಳದಲ್ಲಿ ಬೆಳಗ್ಗೆ ಆರಕ್ಕೇ ಅರ್ಜಿ ಹಿಡಿದವರ ಸಾಲು. ನಗರಸಭೆಯ ನಳ ಬಂದಿಲ್ಲವೆಂದರೂ ಅಲ್ಲಿಗೇ, ಮಗಳ ಮದುವೆಗೂ ಅಲ್ಲಿಗೇ. ನನ್ನ ತಕರಾರು ಯಾವ ಸಾಹುಕಾರರ ಮೇಲೂ ಅಲ್ಲ. ಕೈ ಚಾಚಿ ಕೇಳಿದವನಿಗೆ ಕೊಡುವುದು ಅವರ ದೊಡ್ಡಸ್ತಿಕೆ. ಆದರೆ ನಳದ ನೀರು ದಾನವಲ್ಲ, ನೀರಪಟ್ಟಿ ತುಂಬಿ ಕೊಂಡದ್ದು. ಕೊಂಡದ್ದನ್ನು ದಾನದಂತೆ ಇಸಿದುಕೊಂಡು ಕೈಮುಗಿದು ಬರುವ ನಮ್ಮ ರೂಢಿಯ ಮೇಲೆ ತಕರಾರು. ಇನ್ನೊಂದು ಸಂಗತಿ ಎಷ್ಟೋ ಮಂದಿಗೆ ಗೊತ್ತಿಲ್ಲ: ಪುರಸಭೆಯಲ್ಲಿ ಶಾಸಕರಿಗೂ ಸಂಸದರಿಗೂ ಒಂದೊಂದು ವೋಟಿದೆ. ಅಧ್ಯಕ್ಷರ ಆಯ್ಕೆಯ ದಿನ ಅವರು ಬಂದು ಕೈ ಎತ್ತುತ್ತಾರೆ. ಅಂದರೆ ದೊಡ್ಡವರಿಗೆ ಪುರಸಭೆ ಎಷ್ಟು ಮುಖ್ಯವೆಂದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ನಮಗೆ.

ಹೆಣ್ಣುಮಕ್ಕಳಿಗೆ ಅರ್ಧ ಸ್ಥಾನ ಮೀಸಲು. ಆದರೆ ಸದಸ್ಯೆಯ ಹೆಸರಿನ ಫಲಕದ ಕೆಳಗೆ ಗಂಡನ ಮೊಬೈಲ್ ನಂಬರು. ಫೋನು ಮಾಡಿದರೆ ‘ನಾನ ಮೆಂಬರ್, ಹೇಳ್ರಿ’ ಎನ್ನುವ ಗಂಡು ದನಿ. ತಂಗಿಯರೇ, ಅಕ್ಕೋರೇ, ಈ ಫೋನನ್ನು ನೀವೇ ಎತ್ತಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಂದರೆ ಎಷ್ಟು ಕೊಡ ತುಂಬುತ್ತದೆ ಎಂಬುದು ಊರಲ್ಲಿ ನಿಮ್ಮಷ್ಟು ಯಾರಿಗೆ ಗೊತ್ತು?

ಇಪ್ಪತ್ತೊಂದು ವರ್ಷ ತುಂಬಿದ ಹುಡುಗ ಹುಡುಗಿಯರಿಗೂ ಒಂದು ಮಾತು. ವಿಧಾನಸಭೆಗೆ ನಿಲ್ಲಲು ನಿಮಗೆ ಇಪ್ಪತ್ತೈದಾಗಬೇಕು, ವಾರ್ಡಿಗೆ ನಿಲ್ಲಲು ಇಪ್ಪತ್ತೊಂದೇ ಸಾಕು. ಸಾಹುಕಾರರ ಹುಟ್ಟುಹಬ್ಬಕ್ಕೆ ಬ್ಯಾನರ್ ಕಟ್ಟುವ ಏಣಿಯನ್ನು ಒಂದು ಸಂಜೆ ಕೆಳಗಿಟ್ಟು, ನಿಮ್ಮ ವಾರ್ಡಿನ ಗಡಿ ಎಲ್ಲಿಂದ ಎಲ್ಲಿಯವರೆಗೆ ಎಂದು ನಡೆದು ನೋಡಿ.

ಈಗ ನಾನು ಕಂಡ ಒಂದು ಸಭೆಯ ಮಾತು. ಬಜೆಟ್ ಮಂಡಿಸುವ ಮೊದಲು ಸಾರ್ವಜನಿಕರ ಸಲಹೆ ಕೇಳುವ ಸಭೆ ಮಾಡುತ್ತಾರೆ. ನೋಟಿಸ್ ಹಲಗೆಯ ಮೇಲೆ, ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಯಾವ ಊರು, ಯಾವ ವರ್ಷ ಎಂದು ಹೇಳಲಾರೆ, ಹೇಳಿದರೆ ಉಳಿದ ಊರಿನವರು ಕಿಸಕ್ಕೆಂದು ನಗುತ್ತಾರೆ, ಅವರದೂ ಅದೇ ಗತಿ. ನಲವತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬಂದ ಸಾರ್ವಜನಿಕರು ಆರು ಮಂದಿ. ಇಬ್ಬರು ಗುತ್ತಿಗೆದಾರರು, ಒಬ್ಬ ಪತ್ರಿಕೆಯವನು, ಪ್ರತಿ ಸಭೆಗೂ ಬರುವ ನಿವೃತ್ತ ಮಾಸ್ತರರು, ನಾನು. ಆರನೆಯವಳು ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅವ್ವ. ಆಕೆ ಬಂದದ್ದು ಮೊಮ್ಮಗನ ಜನನ ಪ್ರಮಾಣಪತ್ರಕ್ಕೆ. ಸಾಹೇಬರು ಸಭೆಯಲ್ಲಿದ್ದಾರೆಂದು ಯಾರೋ ಹೇಳಿದ್ದಕ್ಕೆ ಒಳಗೆ ಬಂದು, ಕುರ್ಚಿ ಖಾಲಿ ಕಂಡು ಕೂತಿದ್ದಳು.

ಆದಾಯದ ಪುಟ ಓದಿದರು: ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಸಂತೆ ಕರ, ಹಣಕಾಸು ಆಯೋಗದ ಅನುದಾನ. ‘ಸಂತೆ ಕರ’ ಎಂದದ್ದೇ ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

‘ಯಪ್ಪಾ, ನಾ ವಾರಾ ವಾರಾ ಚೀಟಿ ಹರಸ್ತೀನಿ. ನಂಗ ಕುಂಡ್ರಾಕ ನೆರಳಿಲ್ಲ, ಹೊರಕಡಿಗಿ ಹೋಗಾಕ ಜಾಗಾ ಇಲ್ಲ. ನನ್ನ ಚೀಟಿ ರೊಕ್ಕ ಇದರಾಗ ಯಾವ ಸಾಲಿನಾಗ ಕುಂತೈತಿ, ತೋರಸ್ರಿ.’

ಸಭೆ ಸುಮ್ಮನಾಯಿತು. ಲೆಕ್ಕದವರು ಪುಟ ತಿರುವಿದರು, ಮತ್ತೆ ತಿರುವಿದರು. ಆದಾಯದ ಕಡೆ ಆಕೆಯ ಚೀಟಿ ಇತ್ತು, ಖರ್ಚಿನ ಕಡೆ ಸಂತೆಯ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ‘ಬರಕೋರಿ’ ಎಂದರು ಮೇಲೆ ಕೂತವರು. ಬರೆದುಕೊಂಡರು. ಮಹಿಳೆಯರ ಶೌಚಾಲಯಕ್ಕೆ ಇಂತಿಷ್ಟು ಎಂದು ಪೆನ್ಸಿಲಿನಲ್ಲಿ ಒಂದು ಸಾಲು ಬಿತ್ತು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಎಂಬ ಊರಿನಲ್ಲಿ 1989ರಿಂದ ಜನರೇ ಕೂತು ನಗರದ ಬಜೆಟ್ಟಿನಲ್ಲಿ ಯಾವುದು ಮೊದಲು ಎಂದು ಗೊತ್ತುಮಾಡುವ ಪದ್ಧತಿ ಶುರುವಾಯಿತು, ಜಗತ್ತೆಲ್ಲ ಅದನ್ನು ಕಲಿಯಲು ಹೋಯಿತು ಎಂದು ಎಲ್ಲೋ ಓದಿದ್ದೆ. ಅಂದು ಅದು ನನ್ನ ಕಣ್ಣ ಮುಂದೆ ಎರಡು ನಿಮಿಷ ನಡೆಯಿತು, ನಡೆಸಿದವಳು ತಪ್ಪಿ ಒಳಗೆ ಬಂದವಳು.

ಆ ಮೂವತ್ನಾಲ್ಕು ಖಾಲಿ ಕುರ್ಚಿಗಳ ಮೇಲೆ ಯಾರಿರಬೇಕಿತ್ತು? ಮಳಿಗೆಯ ವ್ಯಾಪಾರಸ್ಥರು, ಆಟೊದವರು, ಕರದಂಟು ಕಟ್ಟುವ ಹೆಣ್ಣುಮಕ್ಕಳು, ಗೊಂಬೆ ಕೆತ್ತುವವರು, ಶಾಲೆಯ ಅಕ್ಕೋರು, ಬೆಳಗ್ಗೆ ಐದಕ್ಕೆ ಪೊರಕೆ ಹಿಡಿಯುವ ಪೌರಕಾರ್ಮಿಕರು. ಕುಲಗೋಡದ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತ ಕಟ್ಟಿದ ಸೀಮೆ ಇದು, ಕೌಜಲಗಿ ನಿಂಗಮ್ಮ ಅದನ್ನು ಕುಣಿದು ಹಾಡಿದ ಸೀಮೆ. ಬೆಳತನಕ ಚಳಿಯಲ್ಲಿ ಕಂಬಳಿ ಹೊದ್ದು ಕೂತು, ಸತ್ಯಭಾಮೆಗೂ ರುಕ್ಮಿಣಿಗೂ ಯಾರದು ನ್ಯಾಯ ಎಂದು ವಾದ ಮಾಡುವ ಜನ ನಾವು. ಎರಡು ತಾಸಿನ ಬಜೆಟ್ ಸಭೆಗೆ ನಮ್ಮ ಸೊಂಟ ನೋಯುತ್ತದೆಯೇ?

ಹೆದರಿಕೆ ಇದೆ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಸಣ್ಣ ಊರು, ಎಲ್ಲರಿಗೂ ಎಲ್ಲರ ಮನೆ ಗೊತ್ತು. ಕೇಳಿದವನ ಖಾತೆ ಬದಲಾವಣೆ ನಿಂತೀತು, ಮಗನ ಅಂಗಡಿಯ ಲೈಸೆನ್ಸ್ ತಡವಾದೀತು. ಅದಕ್ಕೇ ಒಬ್ಬರೇ ಹೋಗಬೇಡಿ. ಜಾತ್ರಿಪಟ್ಟಿ ಎತ್ತಲು ಯಾವತ್ತಾದರೂ ಒಬ್ಬರೇ ಬಂದಿದ್ದಾರೆಯೇ? ಆರು ಮಂದಿ ಬರುತ್ತಾರೆ. ಹಾಗೇ ಗಲ್ಲಿಯ ಆರು ಮಂದಿ ಒಂದು ಹಾಳೆಗೆ ಸಹಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ. 2005ರ ಮಾಹಿತಿ ಹಕ್ಕು ಕಾಯಿದೆಯ ಅರ್ಜಿಗೆ ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ನಮ್ಮ ಪ್ರಶ್ನೆಗೆ ಇಪ್ಪತ್ತು ಪದ ಸಾಕು: ‘ನಮ್ಮ ಓಣಿಯ ರಸ್ತೆಯ ಎಸ್ಟಿಮೇಟ್, ಅಳತೆ ಪುಸ್ತಕ, ಬಿಲ್ಲಿನ ನಕಲು ಕೊಡಿ.’ ಮೂವತ್ತು ದಿನದೊಳಗೆ ಕೊಡಬೇಕು. ಆ ಕಾಯಿದೆಯಲ್ಲಿ ಇನ್ನೊಂದು ಹಕ್ಕಿದೆ, ಅದನ್ನು ಬಳಸಿದವರು ತೀರ ವಿರಳ: ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸಬಹುದು, ಹಾಕಿದ ಸಾಮಾನಿನ ಮಾದರಿಯನ್ನು ಪ್ರಮಾಣೀಕರಿಸಿ ಕೇಳಿ ಪಡೆಯಬಹುದು. ಕಾಂಕ್ರೀಟಿನಲ್ಲಿ ಸಿಮೆಂಟಿದೆಯೋ ಬರೀ ಕಡಿ ಪುಡಿಯೋ ಎಂದು ಕೈಯಲ್ಲಿ ಹಿಡಿದು ನೋಡುವ ಹಕ್ಕು. ಬೆಲ್ಲದ ಪೆಂಟೆ ಎಣಿಸಿದ ನಮ್ಮ ಮುದುಕರಿಗೆ ಇದನ್ನು ಓದಿ ಹೇಳಿದೆ. ‘ಇದು ಮದ್ಲ ಯಾಕ ಹೇಳಲಿಲ್ಲೋ?’ ಎಂದು ನನಗೇ ಬೈದರು.

ನದಿ ನಮ್ಮ ಮೂರೂ ಊರಿನ ಸೀಮೆಯನ್ನು ಕಟ್ಟಿಹಾಕಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ 51 ಟಿಎಂಸಿ ನಿಂತ ಘಟಪ್ರಭೆ ಗೋಕಾಕದಲ್ಲಿ ಧುಮುಕಿ, ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಯ ಸೇತುವೆಗಳ ಮೇಲೆ ಹಾಯುತ್ತದೆ. ಮೇಲೆ ಗೇಟು ತೆಗೆದರೆ ಕೆಳಗೆ ಯಾವ ಗಲ್ಲಿಗೆ ಎಷ್ಟು ತಾಸಿಗೆ ನೀರು ಬರುತ್ತದೆ, ಯಾವ ಶಾಲೆಯಲ್ಲಿ ಎಷ್ಟು ಮಂದಿ ಉಳಿಯಬಹುದು, ದನಗಳನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ಮಳೆಗಾಲಕ್ಕೆ ಮೊದಲು ಸಭೆಯಲ್ಲಿ ಕೂತು ಬರೆದಿಡಬೇಕು. 2019ರ ಗೆರೆ ಇನ್ನೂ ಗೋಡೆಯ ಮೇಲಿರುವ ಮನೆಯವರೇ ಅದನ್ನು ಬರೆಸಬೇಕು. ಅವರ ಅಳತೆಗಿಂತ ಖರೆ ಅಳತೆ ಯಾವ ಎಂಜಿನಿಯರನ ಹತ್ತಿರವೂ ಇಲ್ಲ.

ಚುನಾವಣೆ ಯಾವಾಗ ಬರುತ್ತದೋ ಬರಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿ ಕೂತಿದ್ದರೆ ಅವರ ಮುಂದೆಯೇ ಹೋಗಿ. ಬಜೆಟ್ ಅವರೂ ಮಾಡಲೇಬೇಕು, ಸಲಹೆ ಅವರೂ ಕೇಳಲೇಬೇಕು. ಸಂಕ್ರಾಂತಿ ಆದ ಮೇಲೆ ವಾರಕ್ಕೊಮ್ಮೆ ನೋಟಿಸ್ ಹಲಗೆಯ ಕಡೆ ಕಣ್ಣಾಡಿಸಿ. ದಿನಾಂಕ ಕಂಡರೆ ಮೊಬೈಲಿನಲ್ಲಿ ಫೋಟೊ ಹೊಡೆದು ಗಲ್ಲಿಯ ಗುಂಪಿಗೆ ಹಾಕಿ, ಶುಭೋದಯದ ಹೂವಿನ ಚಿತ್ರಗಳ ನಡುವೆ ಅದೂ ಒಂದಿರಲಿ.

ಕಾಯಿಪಲ್ಲೆಯ ಅವ್ವ ಹೋದ ಸಂತೆಯಲ್ಲಿ ಸಿಕ್ಕಿದ್ದಳು. ಶೌಚಾಲಯ ಇನ್ನೂ ಆಗಿಲ್ಲ. ಪೆನ್ಸಿಲಿನ ಸಾಲು ಏನಾಯಿತೋ ಎಂದು ನಾನು ಗೊಣಗುತ್ತಿದ್ದರೆ, ಆಕೆ ಬುಟ್ಟಿಯ ಹಿಂದಿನಿಂದ ಒಂದು ತಂತಿಯ ಕೊಕ್ಕೆ ಎತ್ತಿ ತೋರಿಸಿದಳು. ಆವತ್ತಿನಿಂದ ಹರಿಸಿದ ಸಂತೆ ಕರದ ಚೀಟಿಗಳನ್ನೆಲ್ಲ ಒಂದರ ಮೇಲೊಂದು ಅದಕ್ಕೆ ಚುಚ್ಚಿಟ್ಟಿದ್ದಾಳೆ. ಮಳೆಗೆ ನೆನೆದು ಕೆಲವದರ ಶಾಯಿ ಹರಡಿದೆ. ‘ಮೀಟಿಂಗ್ ಯಾವಾಗಂತ ತಿಳಿದ್ರ ಒಂದ ಮಾತ ಹೇಳಿ ಕಳಸ್ರಿ ಸರ,’ ಅಂದಳು. ‘ಈ ಸಲ ಸಂತ್ಯಾಗಿನ ಹೆಣ್ಮಕ್ಕಳು ಹನ್ನೊಂದ ಮಂದಿ ಅದೀವಿ.’